ಎರಡು ಹಳೇ ಕಂಟೇನರ್ ಸೇರಿಸಿ ಮನೆ ಮಾಡಿಕೊಂಡೆ: ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿಯುವ ಮೊದಲು ಇದನ್ನ ಓದಿ

ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, "ಒಳಗೆ ಸೆಕೆ ಆಗಲ್ವಾ?" ಆಗಲ್ಲ. ಆದರೆ ಆಗದ ಹಾಗೆ ಮಾಡೋಕೆ ನಾನು ಪಟ್ಟ ಪಾಡು ಯಾರಿಗೂ ಬೇಕಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಡಗಿನಲ್ಲಿ ಸರಕು ಸಾಗಿಸುವ 40 ಅಡಿಯ ಎರಡು ಉಕ್ಕಿನ ಕಂಟೇನರ್ ತಂದು, ಪಕ್ಕಪಕ್ಕ ಕೂರಿಸಿ, ನಡುವಿನ ಗೋಡೆ ತೆಗೆದು ಮನೆ ಮಾಡಿಕೊಂಡೆ. ವೆಲ್ಡಿಂಗ್ ಮಾತ್ರ ಬೇರೆಯವರದ್ದು. ಉಳಿದ ಕೆಲಸವೂ ತಪ್ಪುಗಳೂ ನನ್ನವೇ. ಇದೇನು ಹೊಸ ಐಡಿಯಾನೂ ಅಲ್ಲ. ಕಂಟೇನರನ್ನ ವಾಸದ ಮನೆ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಫಿಲಿಪ್ ಕ್ಲಾರ್ಕ್ ಅನ್ನುವವರು 1987ರಲ್ಲೇ ಅರ್ಜಿ ಹಾಕಿ 1989ರಲ್ಲಿ ಪೇಟೆಂಟ್ ತಗೊಂಡಿದ್ದಾರೆ.

ಕೊಳ್ಳುವಾಗ ಹೈ ಕ್ಯೂಬ್ ಅನ್ನುವ ಎತ್ತರದ ನಮೂನೆಯನ್ನೇ ಹಟ ಹಿಡಿದು ಹುಡುಕಿದೆ. ಮಾಮೂಲಿ ಕಂಟೇನರಿನ ಹೊರಗಿನ ಎತ್ತರ ಎಂಟೂವರೆ ಅಡಿ, ಇದರದ್ದು ಒಂಬತ್ತೂವರೆ. ಬಾಗಿಲ ಮೇಲೆ 45ಜಿ1 ಅಂತ ಬರೆದಿದ್ದರೆ 40 ಅಡಿಯ ಹೈ ಕ್ಯೂಬ್ ಅಂತ ಅರ್ಥ. ಆ ಒಂದು ಅಡಿ ಎಷ್ಟು ಮುಖ್ಯ ಅಂತ ಸೀಲಿಂಗ್ ಹಾಕುವಾಗ ಗೊತ್ತಾಗುತ್ತೆ. ಅಗಲ ಮಾತ್ರ ಎರಡರಲ್ಲೂ ಅಷ್ಟೇ, ಒಳಗೆ 2.35 ಮೀಟರ್. ಎರಡೂ ಕಡೆ ರೀಪು, ಫೋಮ್, ಬೋರ್ಡ್ ಹಾಕಿದ ಮೇಲೆ 2.2 ಮೀಟರೂ ಉಳಿಯಲಿಲ್ಲ. ಮಂಚ ಅಡ್ಡ ಹಾಕಿದರೆ ಕಾಲ ಬುಡದಲ್ಲಿ ಓಡಾಡೋಕೆ ಜಾಗ ಇಲ್ಲ. ಒಂದೇ ಕಂಟೇನರಿನಲ್ಲಿ ಮನೆ ಮಾಡ್ತೀನಿ ಅನ್ನುವವರು ಮೊದಲು ನೆಲದ ಮೇಲೆ ಸುಣ್ಣದಲ್ಲಿ ಅಷ್ಟಗಲ ಗೆರೆ ಎಳೆದು, ಅದರೊಳಗೆ ಒಂದು ದಿನ ಓಡಾಡಿ ನೋಡಿ.

ತೂತು ಇದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಒಳಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ಕತ್ತಲಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಬೆಳಕು ಕಾಣುತ್ತೆ. (ಹೊರಗೆ ನಂಬಿಕಸ್ಥರು ಇರಲಿ. ಒಳಗಿನಿಂದ ಬಾಗಿಲು ತೆಗೆಯೋಕೆ ಹಿಡಿಕೆ ಇರಲ್ಲ.) ನಾನು ಮೊದಲು ನೋಡಿದ್ದರಲ್ಲಿ ಏಳು ನಕ್ಷತ್ರ ಕಂಡವು, ಬಿಟ್ಟು ಬಂದೆ. ಆಮೇಲೆ ಅಡಿಗೆ ಬಗ್ಗಿ ಅಡ್ಡಪಟ್ಟಿಗಳನ್ನು ನೋಡಬೇಕು. ತುಕ್ಕು ಮೊದಲು ಹಿಡಿಯುವುದು ಅಲ್ಲೇ.

ಬಾಗಿಲಲ್ಲಿ ಒಂದು ಲೋಹದ ಫಲಕ ಹೊಡೆದಿರುತ್ತಾರೆ. ತಯಾರಾದ ತಿಂಗಳು, ವರ್ಷ, ತಡೆಯುವ ಭಾರ, ನೆಲದ ಮರಕ್ಕೆ ಯಾವ ಔಷಧಿ ಹೊಡೆದಿದ್ದಾರೆ ಅನ್ನುವುದು ಎಲ್ಲ ಅಲ್ಲಿರುತ್ತೆ. ನೆಲ 28 ಮಿಲಿಮೀಟರ್ ದಪ್ಪದ ಪ್ಲೈವುಡ್, ಅದಕ್ಕೆ ಕೀಟನಾಶಕ ಕುಡಿಸಿರುತ್ತಾರೆ. ಮೇಲೆ ಎಪಾಕ್ಸಿ ಬಳಿದು ಮುಚ್ಚುವವರೂ ಇದ್ದಾರೆ. ಅದರ ಮೇಲೆ ಮಗು ಅಂಬೆಗಾಲು ಹಾಕುವುದನ್ನು ನೆನೆದು ನಾನು ಪೂರ್ತಿ ಕಿತ್ತೆ. ಸ್ಕ್ರೂಗಳ ತಲೆ ಸವೆದುಹೋಗಿ ಡ್ರೈವರ್ ಕೂರುತ್ತಿರಲಿಲ್ಲ, ಒಂದೊಂದನ್ನೂ ಗ್ರೈಂಡರಿನಲ್ಲಿ ಹಾರಿಸಬೇಕಾಯಿತು. ಒಂದು ವಾರ ಹೋಯಿತು.

ಪಾಯಕ್ಕೆ ನಾಲ್ಕು ಮೂಲೆಯಲ್ಲಿ ಕಾಂಕ್ರೀಟ್ ಕಂಬ ಎಬ್ಬಿಸಿದೆ. ಕ್ರೇನಿನಿಂದ ಇಳಿಸಿದ ಮೇಲೆ ಒಂದರ ಬಾಗಿಲು ಹಾಕೋಕೆ ಬರಲಿಲ್ಲ. ಬಾಗಿಲೇ ಸೊಟ್ಟ ಅಂದುಕೊಂಡು ಅರ್ಧ ದಿನ ಕೀಲಿಗೆ ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ಬಡಿದೆ. ಕೊನೆಗೆ ಪೈಪಿಗೆ ನೀರು ತುಂಬಿ ಮಟ್ಟ ನೋಡಿದರೆ ಒಂದು ಮೂಲೆ 12 ಮಿಮೀ ಕೆಳಗಿತ್ತು. ಜ್ಯಾಕ್ ಕೊಟ್ಟು, ಕಬ್ಬಿಣದ ಬಿಲ್ಲೆ ತುರುಕಿದ ತಕ್ಷಣ ಬಾಗಿಲು ಬೆರಳಲ್ಲಿ ದೂಡಿದರೆ ಹಾಕಿಕೊಂಡಿತು.

ಈಗ ಗೋಡೆ ಕತ್ತರಿಸಿದ ಕಥೆ. ನನ್ನ ಕಂಟೇನರಿನ ಫಲಕದಲ್ಲಿ ಮೇಲೆ ಪೇರಿಸಬಹುದಾದ ಭಾರ 192000 ಕಿಲೋ ಅಂತ ಇತ್ತು. ಅದನ್ನ ಓದಿ ಇದು ಆನೆ ನಿಂತರೂ ಅಲುಗಾಡದ ಪೆಟ್ಟಿಗೆ ಅಂದುಕೊಂಡೆ. ಆ ಭಾರವೆಲ್ಲ ಇಳಿಯುವುದು ನಾಲ್ಕು ಮೂಲೆಗಂಬಗಳ ಮೇಲೆ. ಪಕ್ಕದ ಗೋಡೆ ಸುಮಾರು 1.6 ಮಿಮೀ ತಗಡು, ನೆರಿಗೆ ಹಾಕಿರುವುದರಿಂದ ಗಟ್ಟಿ. ಅದರ ಮೇಲಂಚಿನಲ್ಲಿರುವುದು 60 ಮಿಮೀ ಚೌಕದ ಟ್ಯೂಬ್, ಅಷ್ಟೇ. ಗೋಡೆ ಮತ್ತು ಆ ಟ್ಯೂಬ್ ಸೇರಿ ತೊಲೆಯ ಕೆಲಸ ಮಾಡುತ್ತಿರುತ್ತವೆ. ಗೋಡೆ ತೆಗೆದರೆ 12 ಮೀಟರ್ ಉದ್ದಕ್ಕೂ ಬಡಪಾಯಿ ಟ್ಯೂಬ್ ಒಂದೇ ಉಳಿಯುತ್ತೆ.

ವೆಲ್ಡರ್ ಮೊದಲೇ ಹೇಳಿದ್ದರು. "ಸಾರ್, ಮೊದಲು ಫ್ರೇಮ್ ಕೂರಿಸೋಣ, ಆಮೇಲೆ ಕಟಿಂಗ್." ನನಗೆ ಅವಸರ. ಫ್ರೇಮಿಗೆ ಬೇಕಾದ ಬಾಕ್ಸ್ ಸೆಕ್ಷನ್, ಅಂದರೆ ಚೌಕದ ಕಬ್ಬಿಣದ ಟ್ಯೂಬ್, ಬರೋಕೆ ಇನ್ನೂ ಮೂರು ದಿನ ಇತ್ತು, ಅಷ್ಟರಲ್ಲಿ ಕತ್ತರಿಸಿ ಇಟ್ಟಿರೋಣ ಅಂತ ಎರಡೂ ಗೋಡೆಯಲ್ಲಿ ಆರು ಮೀಟರ್ ತೆರೆದುಬಿಟ್ಟೆ. ಆವತ್ತು ಸಂಜೆ ಆ ಹಾಲ್ ನೋಡಿ ಆದ ಖುಷಿ ಅಷ್ಟಿಷ್ಟಲ್ಲ. ಬೆಳಗ್ಗೆ ವೆಲ್ಡರ್ ಬಂದವರು ಏನೂ ಮಾತಾಡದೆ ಈ ತುದಿಯಿಂದ ಆ ತುದಿಗೆ ದಾರ ಕಟ್ಟಿದರು. ನಡುವೆ ದಾರಕ್ಕೂ ಟ್ಯೂಬಿಗೂ ಎರಡು ಬೆರಳು ಅಂತರ. "ನೋಡಿ ಸಾರ್" ಅಂದರು, ಅಷ್ಟೇ. ಆಮೇಲೆ ಜ್ಯಾಕ್ ಇಟ್ಟು ನಿಧಾನಕ್ಕೆ ಎತ್ತಿ, ಕೆಳಗೆ ದಪ್ಪನೆಯ ತೊಲೆ ಕೊಟ್ಟು, ನಡುವೆ ಹೊಸದಾಗಿ ಪಾಯ ಹಾಕಿ ಒಂದು ಕಂಬ ನಿಲ್ಲಿಸಿದೆವು. ಆ ಕಂಬ ಈಗಲೂ ಹಾಲ್ ನಡುವೆ ಇದೆ. ನೋಡಿದವರು ಅದನ್ನ ಡಿಸೈನ್ ಅಂದುಕೊಳ್ಳುತ್ತಾರೆ, ನಾನೂ ಹೌದು ಅಂತೀನಿ.

ಕಿಟಕಿ ಕತ್ತರಿಸುವ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಮೊದಲು ಚೌಕಟ್ಟನ್ನ ಗೋಡೆಗೆ ಅಲ್ಲಲ್ಲಿ ಅಂಟಿಸಿ, ಆಮೇಲೆ ಒಳಗಿನ ತಗಡು ಕತ್ತರಿಸಿದೆವು. ಉದ್ದಕ್ಕೆ ಒಂದೇ ಸಲ ವೆಲ್ಡ್ ಮಾಡಿದರೆ ಬಿಸಿಗೆ ತಗಡು ಉಬ್ಬುತ್ತೆ, ಹಾಗಾಗಿ ಈ ಮೂಲೆಗೆ ಸ್ವಲ್ಪ, ಆ ಮೂಲೆಗೆ ಸ್ವಲ್ಪ. ಹಳೇ ಬಣ್ಣದ ಹೊಗೆ ಒಳ್ಳೆಯದಲ್ಲ, ಒಳಗೆ ಸತುವಿನ ಪ್ರೈಮರ್ ಇರುತ್ತೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕೇ ಬೇಕು.

ಇನ್ನು ಸೆಕೆ. ಚಾವಣಿಯ ಮೇಲೆ ಒಂದು ಅಡಿ ಗಾಳಿ ಬಿಟ್ಟು ಇನ್ನೊಂದು ಷೀಟ್ ಹೊದಿಸಿದೆ. ಬಿಸಿಲು ಕಂಟೇನರಿಗೆ ನೇರ ಬೀಳುವುದೇ ಇಲ್ಲ. ಅಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯಿತು. ಎರಡು ಕಂಟೇನರ್ ಸೇರುವ ಸಂದಿನಲ್ಲಿ ಮಳೆನೀರು ಇಳಿಯುವುದೂ ಅದರಿಂದಲೇ ತಪ್ಪಿತು.

ನಾನು ಎಣಿಸಿರದಿದ್ದ ತೊಂದರೆ ತೇವದ್ದು. ಮೊದಲ ಸಲ ಒಳಗೋಡೆಗೆ ಕಬ್ಬಿಣದ ಚೌಕಟ್ಟು ಹೊಡೆದು, ನಡುವೆ ಗ್ಲಾಸ್ ವುಲ್ (ಶಾಖ ತಡೆಯುವ ಗಾಜಿನ ನಾರು) ತುಂಬಿ, ಜಿಪ್ಸಂ ಬೋರ್ಡ್ ಮುಚ್ಚಿದ್ದೆ. ಚಳಿಗಾಲ ಬಂದಾಗ ಒಂದು ಬೆಳಗ್ಗೆ ದಿಂಬು ಒದ್ದೆ. ಚಾವಣಿ ಸೋರಿತು ಅಂತ ಹತ್ತಿ ನೋಡಿದರೆ ಮೇಲೆ ಒಣ ಒಣ. ಬೋರ್ಡಿನ ಮೇಲೆ ಎರಡು ಅಡಿಗೊಂದರಂತೆ, ಶಾಲೆ ನೋಟ್‌ಬುಕ್ಕಿನ ಗೆರೆ ಹಾಗೆ, ಉದ್ದಕ್ಕೂ ಕಂದು ಗೆರೆ ಮೂಡಿದ್ದವು. ಕಿತ್ತು ನೋಡಿದರೆ ವುಲ್ ಹಿಂಡಿದರೆ ನೀರು, ಹಿಂದೆ ತಗಡಿಗೆ ಆಗಲೇ ತುಕ್ಕಿನ ಹುಡಿ.

ಆದದ್ದು ಇಷ್ಟೇ. ಒಳಗಿನ ಗಾಳಿ 25 ಡಿಗ್ರಿ ಇದ್ದು ತೇವಾಂಶ ಶೇ. 60 ಇದ್ದರೆ, 17 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ಅದು ಬೆವರುತ್ತೆ. ರಾತ್ರಿ ಉಕ್ಕಿನ ತಗಡು ಅದಕ್ಕಿಂತ ತಣ್ಣಗಾಗುತ್ತೆ. ನಮ್ಮ ಉಸಿರು, ಅಡುಗೆ ಹಬೆ, ಸ್ನಾನದ ಹಬೆ ಎಲ್ಲ ವುಲ್ ದಾಟಿ ಹೋಗಿ ಅಲ್ಲಿ ನೀರಾಗುತ್ತಿತ್ತು. ಚೌಕಟ್ಟಿನ ಕಬ್ಬಿಣ ನೇರ ಗೋಡೆಗೆ ತಾಗಿದ್ದರಿಂದ ಆ ತಣ್ಣನೆ ಬೋರ್ಡಿನವರೆಗೂ ಬಂದು ಗೆರೆ ಬಿದ್ದಿತ್ತು. ಪೂರ್ತಿ ಬಿಚ್ಚಿಸಿದೆ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ತಗಡಿಗೇ ಅಂಟುವ ಹಾಗೆ ಗೋಡೆಗೆ 50 ಮಿಮೀ, ಚಾವಣಿಗೆ 75 ಮಿಮೀ ಪಿಯು (ಪಾಲಿಯುರೆಥೇನ್) ಫೋಮ್ ಸ್ಪ್ರೇ ಮಾಡಿಸಿದೆ. ಅದರಲ್ಲಿ ಕ್ಲೋಸ್ಡ್ ಸೆಲ್, ಅಂದರೆ ಒಳಗಿನ ಗುಳ್ಳೆಗಳು ಮುಚ್ಚಿರುವ ಬಗೆ, ಅನ್ನುವುದನ್ನೇ ಕೇಳಬೇಕು, ಇನ್ನೊಂದು ಬಗೆಯದು ಹಬೆ ಬಿಡುತ್ತೆ. ಈ ಸಲ ರೀಪು ಮರದ್ದು, ತಗಡಿಗೆ ತಾಗದ ಹಾಗೆ. ಅಡುಗೆಮನೆಗೂ ಬಚ್ಚಲಿಗೂ ಎಕ್ಸಾಸ್ಟ್ ಫ್ಯಾನ್. ಅದಾದ ಮೇಲೆ ಎರಡು ಚಳಿಗಾಲ ಕಳೆದಿವೆ, ಒಂದು ಹನಿ ಬಿದ್ದಿಲ್ಲ.

ಕರೆಂಟಿನ ಬಗ್ಗೆ ಜಾಸ್ತಿ ಹೇಳಲ್ಲ. ಇಡೀ ಮನೆ ಲೋಹ. ಒಳ್ಳೆಯ ಅರ್ಥಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್), ತಗಡು ದಾಟುವಲ್ಲೆಲ್ಲ ವೈರಿಗೆ ರಬ್ಬರ್ ಬಳೆ. ಇದನ್ನ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ.

ಅಡಿಯ ಅಡ್ಡಪಟ್ಟಿಗಳಿಗೆ ಇನ್ನೊಂದು ಕೋಟ್ ಬಣ್ಣ ಬಾಕಿ ಇದೆ. ಕಂಬಗಳನ್ನ ಎರಡು ಅಡಿ ಎತ್ತರ ಮಾಡಿದ್ದೆ, ಅಂಗಾತ ಮಲಗಿ ತೆವಳಿದರೆ ಮುಖದ ಮೇಲೆ ಒಂದು ಗೇಣು ಜಾಗ. ಹೋದ ಸಲ ಬಣ್ಣ ಪಟ್ಟಿಗಳಿಗಿಂತ ನನ್ನ ಗಡ್ಡಕ್ಕೇ ಜಾಸ್ತಿ ಆಗಿತ್ತು. ಇನ್ನೊಂದು ಅಡಿ ಎತ್ತರ ಮಾಡಬೇಕಿತ್ತು.