ಹೊಸ ಊರಿಗೆ ಸರಪಳಿ ಎಳೆಯುವುದು ಹೇಗೆ: ಅಡಿಲೇಡ್ ಅಳೆದ ಬಗೆ

ದಕ್ಷಿಣ ಆಸ್ಟ್ರೇಲಿಯಾದಲ್ಲಿ ನೆಲ ಮೊದಲು ಮಾರಾಟವಾಯಿತು, ಅಳತೆ ಆಮೇಲೆ ಶುರುವಾಯಿತು. ಈ ಬ್ರಿಟಿಷ್ ವಸಾಹತಿನ ನೆಲ ಮಾರುವ ಹೊಣೆ ಹೊತ್ತ ಲಂಡನ್ನಿನ ಕಮಿಷನರುಗಳು ಮುಂಗಡವಾಗಿ 437 ಭೂಮಿ ಪತ್ರಗಳನ್ನು ಮಾರಿದ್ದರು. ಒಂದು ಪತ್ರಕ್ಕೆ ಮುಂದೆ ಅಡಿಲೇಡ್ ಆಗಲಿದ್ದ ಪಟ್ಟಣದಲ್ಲಿ 1 ಎಕರೆ, ಹೊರಗೆ 134 ಎಕರೆ. ಆ ಎಕರೆ ಎಲ್ಲಿದೆ ಎಂದು ಕೊಂಡವರಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಅದನ್ನು ನೆಲದ ಮೇಲೆ ತೋರಿಸುವ ಹೊಣೆ ಸರ್ವೇಯರ್ ಜನರಲ್ ಕರ್ನಲ್ ವಿಲಿಯಂ ಲೈಟ್ ಅವರ ಹೆಗಲಿಗೆ ಬಿತ್ತು. 1837ರ ಜನವರಿ 11ರಂದು ಕೆಲಸ ಹಿಡಿದ ಅವರ ತಂಡ ಮಾರ್ಚ್ 10ರ ಹೊತ್ತಿಗೆ 1,042 ಎಕರೆ ನಿವೇಶನಗಳನ್ನು ಗುರುತಿಸಿ ಮುಗಿಸಿತು. ಎರಡೇ ತಿಂಗಳು. ಅಂಥ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನೀರು, ಆಮೇಲೆ ನಕ್ಷೆ

ಜಾಗ ಗೊತ್ತುಮಾಡುವಾಗ ನೋಡಬೇಕಾದ್ದು ಸಿಹಿನೀರು, ನೆರೆ ಏರದ ದಿಣ್ಣೆ, ಬಂದರಿಗೆ ದಾರಿ. ಲೈಟ್ ಆರಿಸಿದ್ದು ಸಮುದ್ರದಿಂದ ಒಳಗೆ, ಟೊರೆನ್ಸ್ ನದಿಯ ಎರಡೂ ದಡ. ಗವರ್ನರ್ ಹಿಂಡ್‌ಮಾರ್ಶ್ ಅವರಿಗೆ ಊರು ಬಂದರಿಗೆ ಹತ್ತಿರವಿರಬೇಕಿತ್ತು. ಫೆಬ್ರವರಿಯಲ್ಲಿ ಸಭೆ ಸೇರಿದ ಭೂಮಿದಾರರು ಲೈಟ್ ಆಯ್ಕೆಯನ್ನೇ ಎತ್ತಿಹಿಡಿದರು. ಆ ಬಯಲು ಖಾಲಿ ಇರಲಿಲ್ಲ, ಕೌರ್ನಾ ಜನರ ನೆಲ ಅದು. ಮೂಲನಿವಾಸಿಗಳು ಅನುಭವಿಸುತ್ತಿರುವ ಭೂಮಿಯ ಹಕ್ಕಿಗೆ ಚ್ಯುತಿ ಬರಬಾರದೆಂದು ವಸಾಹತು ಸ್ಥಾಪಿಸಲು ಬ್ರಿಟನ್ನಿನ ರಾಜ ಹೊರಡಿಸಿದ 1836ರ ಸನದಿನಲ್ಲೇ ಬರೆದಿತ್ತು. ಆದರೂ ಅವರನ್ನು ಕೇಳದೆಯೇ ಗೂಟ ಹೊಡೆದರು. ಹಾಗೆ ಮಾಡಿದ್ದು ಅನ್ಯಾಯ. ಅಲ್ಲಿನ ಭೂದಾಖಲೆಯ ಬುಡದಲ್ಲೇ ಆ ಅನ್ಯಾಯ ಕೂತಿದೆ.

ಸರಪಳಿಯನ್ನು ಅರಿಯುವುದು

ನೆಲ ಅಳೆಯಲು ಬಳಸುತ್ತಿದ್ದ ಗಂಟರ್ ಸರಪಳಿ 66 ಅಡಿ ಉದ್ದ, 100 ಕೊಂಡಿ. ಒಂದು ಕೊಂಡಿ 7.92 ಅಂಗುಲ. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಕೊಂಡಿಗಳಲ್ಲಿ ಉದ್ದ ಅಗಲ ಗುಣಿಸಿ ಕಡೆಯ ಐದು ಅಂಕಿ ಬಿಟ್ಟರೆ ಎಕರೆ ಸಿಕ್ಕಿಬಿಡುತ್ತದೆ. ಸರಪಳಿಯ ಚಮತ್ಕಾರವೆಲ್ಲ ಇದರಲ್ಲೇ ಇದೆ. ನಮ್ಮ ಗುಂಟೆಯೂ ಇದೇ ಬಳಗದ್ದು. ಅರ್ಧ ಸರಪಳಿ ಎಂದರೆ 33 ಅಡಿ, 33 ಅಡಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ.

ಪ್ರತಿ ಹತ್ತು ಕೊಂಡಿಗೆ ಒಂದು ಹಿತ್ತಾಳೆ ಬಿಲ್ಲೆ ತೂಗುತ್ತದೆ. ಹತ್ತಕ್ಕೆ ಒಂದು ಹಲ್ಲು, ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು, ನಲವತ್ತಕ್ಕೆ ನಾಲ್ಕು, ನಡುವೆ ಐವತ್ತಕ್ಕೆ ದುಂಡು ಬಿಲ್ಲೆ. ಯಾವ ತುದಿಯಿಂದ ಎಣಿಸಿದರೂ ಇದೇ ಕ್ರಮ. ಮೋಸಹೋಗುವುದೂ ಇಲ್ಲೇ. ನಾಲ್ಕು ಹಲ್ಲಿನ ಬಿಲ್ಲೆ 40ಕ್ಕೂ ಉಂಟು, 60ಕ್ಕೂ ಉಂಟು. ದುಂಡು ಬಿಲ್ಲೆ ದಾಟಿದೆಯೇ ಎಂದು ಕಣ್ಣಾರೆ ನೋಡದೆ ಅಂಕಿ ಕೂಗಬಾರದು.

ಎಳೆಯುವ ಕ್ರಮ

ಇಬ್ಬರು ಬೇಕು. ಮುಂದಿನವನ ಕೈಯಲ್ಲಿ ಹತ್ತು ಕಬ್ಬಿಣದ ಬಾಣ, ಎಂದರೆ ನೆಲಕ್ಕೆ ನೆಡುವ ಚೂಪು ಕಡ್ಡಿ. ಹಿಂದಿನವನು ತುದಿ ಹಿಡಿದು, ದೂರದ ಕೋಲಿಗೆ ಮುಂದಿನವನನ್ನು ಸಾಲು ಹಿಡಿಸುತ್ತಾನೆ. ಸರಪಳಿಯನ್ನು ಒಮ್ಮೆ ಜಾಡಿಸಿ ಬಿಗಿ ಎಳೆದು, ಬಾಣ ನೆಟ್ಟು, ಮುಂದೆ ಸಾಗಬೇಕು. ಹಿಂದಿನವನು ಬಂದು ಆ ಬಾಣ ಕಿತ್ತುಕೊಳ್ಳುತ್ತಾನೆ. ಅವನ ಕೈಯಲ್ಲಿರುವ ಬಾಣ ಎಷ್ಟೋ ಆಗಿರುವ ಸರಪಳಿ ಅಷ್ಟು. ಹತ್ತಾದಾಗ ಬಾಣಗಳನ್ನು ಹಿಂದಿರುಗಿಸಿ, ಪುಸ್ತಕದಲ್ಲಿ ಆಗಲೇ ಗುರುತು ಹಾಕಬೇಕು. ಪೊದೆಯಲ್ಲಿ ಒಂದು ಬಾಣ ಕಳೆದರೆ 66 ಅಡಿ ಕಳೆದಂತೆ.

ಲಂಬ ಎತ್ತಲು ಸರಪಳಿಯೇ ಸಾಕು. ಸಾಲಿನ ಮೇಲೆ ಬೇಕಾದ ಬಿಂದುವಿನಿಂದ 32 ಕೊಂಡಿ ದೂರಕ್ಕೆ ಗೂಟ ಹೊಡೆಯಿರಿ. ಸರಪಳಿಯ ಸೊನ್ನೆಯನ್ನು ಬಿಂದುವಿನಲ್ಲೂ 64ನೇ ಕೊಂಡಿಯನ್ನು ಗೂಟದಲ್ಲೂ ಹಿಡಿಸಿ, 24ನೇ ಕೊಂಡಿ ಹಿಡಿದು ಎರಡೂ ಕಡೆ ಬಿಗಿಯಾಗುವಂತೆ ಎಳೆಯಿರಿ. ಕೈ ನಿಂತ ಜಾಗಕ್ಕೆ ಬಿಂದುವಿನಿಂದ ಎಳೆದ ಗೆರೆಯೇ ಲಂಬ. ಉದ್ದನೆಯ ಬೀದಿಗೆ ಮಾತ್ರ ಇದನ್ನು ನಂಬಬಾರದು, ಅಲ್ಲಿ ಕೋನ ಅಳೆಯುವ ದುರ್ಬೀನು, ಥಿಯೊಡೊಲೈಟ್, ಇಡಲೇಬೇಕು.

ಇಳಿಜಾರಿನಲ್ಲಿ ನೆಲಕ್ಕೆ ಒರಗಿಸಿ ಅಳೆದರೆ ಉದ್ದ ಹೆಚ್ಚು ಬರುತ್ತದೆ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಸರಪಳಿಗೆ ಅರ್ಧ ಕೊಂಡಿ, ಹತ್ತು ಡಿಗ್ರಿ ಇಳಿಜಾರಿನಲ್ಲಿ ಒಂದೂವರೆ. ಮೆಟ್ಟಿಲು ಮೆಟ್ಟಿಲಾಗಿ, ಸರಪಳಿಯನ್ನು ಮಟ್ಟಸ ಹಿಡಿದು, ತೂಗುಗುಂಡು ಇಳಿಬಿಟ್ಟು ಅಳೆಯಬೇಕು. ನದಿಯ ಉತ್ತರಕ್ಕಿದ್ದ ಏರುಪೇರಿನ ನೆಲವನ್ನು ಲೈಟ್ ಒಂದೇ ಚೌಕಕ್ಕೆ ಬಗ್ಗಿಸಲಿಲ್ಲ. ನೆಲಕ್ಕೆ ಒಪ್ಪುವಂತೆ ಮೂರು ಭಾಗವಾಗಿ ಕೂರಿಸಿದರು.

ಸವೆದ ಸರಪಳಿಯ ಕೇಡು ಕಣ್ಣಿಗೆ ಕಾಣುವುದಿಲ್ಲ. ನೂರಾರು ಉಂಗುರಗಳು ಒಂದಿಷ್ಟು ತೇದರೆ ಸಾಕು, ಸರಪಳಿ ಒಂದು ಕೊಂಡಿಯಷ್ಟು ಹಿಗ್ಗುತ್ತದೆ. ಅದರಲ್ಲಿ 40 ಸರಪಳಿ ಉದ್ದ, 20 ಸರಪಳಿ ಅಗಲದ 80 ಎಕರೆ ತುಂಡು ಗುರುತಿಸಿದರೆ ನೆಲದ ಮೇಲೆ 81.6 ಎಕರೆ ಹೋಗಿರುತ್ತದೆ. ಸಾಲಿನ ಕಡೆಯವನ ಪಾಲು ಅಷ್ಟಷ್ಟೇ ಕರಗುತ್ತದೆ. ಗಟ್ಟಿ ನೆಲದಲ್ಲಿ 66 ಅಡಿಗೆ ಎರಡು ಗುರುತು ಹಾಕಿಟ್ಟು, ದಿನಾ ಬೆಳಿಗ್ಗೆ ಹೋಲಿಸಿ ನೋಡುವುದಕ್ಕೆ ಐದು ನಿಮಿಷ ಸಾಕು. ತುಂಡು ಮುಗಿದ ಮೇಲೆ ಕರ್ಣವನ್ನೂ ಅಳೆಯಿರಿ: 44 ಸರಪಳಿ 72 ಕೊಂಡಿ ಬರಬೇಕು. ಬಾರದಿದ್ದರೆ ಮೂಲೆ ಓರೆಯಾಗಿದೆ ಎಂದೇ ಅರ್ಥ.

ಅವಸರಕ್ಕೆ ತೆತ್ತ ಬೆಲೆ

ಪಟ್ಟಣ ಮುಗಿಯಿತು. ಹೊರಗಿನ ಜಮೀನಿಗೆ ಲೈಟ್ ತ್ರಿಕೋನ ಮೋಜಣಿ ಹಿಡಿದರು. ಒಂದು ತಳರೇಖೆಯನ್ನು ಮತ್ತೆ ಮತ್ತೆ ಅಳೆದು, ಉಳಿದದ್ದನ್ನು ಕೋನಗಳಿಂದ ಲೆಕ್ಕ ಹಾಕುವ ಬಗೆ ಅದು. ಪ್ರತಿ ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ಆಗಲೇಬೇಕಾದ್ದರಿಂದ ತಪ್ಪು ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ಲಂಡನ್ನಿಗೆ ಬೇಕಾಗಿದ್ದುದು ಒಂದು ತುಂಡಿನ ತುದಿಗೆ ಇನ್ನೊಂದು ತುಂಡನ್ನು ಅಂಟಿಸುತ್ತಾ ಓಡುವ ಮೋಜಣಿ. ಅದರಲ್ಲಿ ಮೊದಲ ತುಂಡಿನ ತಪ್ಪು ಕಡೆಯ ತುಂಡಿನವರೆಗೂ ಬೆಳೆಯುತ್ತಾ ಹೋಗುತ್ತದೆ. ಲೈಟ್ ಒಪ್ಪದೆ 1838ರಲ್ಲಿ ರಾಜೀನಾಮೆ ಕೊಟ್ಟರು. ಅವರ ನಿಲುವೇ ಸರಿ.

ಇತ್ತ ಬಂದಿಳಿದ ಜನ ಜಮೀನಿಲ್ಲದೆ ಪಟ್ಟಣದಲ್ಲೇ ಉಳಿದರು. ಆ ವರ್ಷ ಅಕ್ಟೋಬರಿನಲ್ಲಿ ಬಂದ ಗವರ್ನರ್ ಗಾಲರ್ ಮೋಜಣಿಗೆ ಜನ ಹೆಚ್ಚಿಸಿದರು. ಕೂಲಿ ಹುಟ್ಟಲೆಂದು ರಸ್ತೆ, ಜೈಲು, ಸರ್ಕಾರಿ ಕಟ್ಟಡಗಳನ್ನು ಕೈಗೆತ್ತಿಕೊಂಡು ಲಂಡನ್ನಿನ ಮೇಲೆ ಹುಂಡಿ, ಎಂದರೆ ಅಲ್ಲಿಂದ ಹಣ ಸಲ್ಲಬೇಕಾದ ಪತ್ರ, ಬರೆದರು. ಹುಂಡಿಗಳು ವಾಪಸಾದವು, 1841ರಲ್ಲಿ ಗಾಲರ್ ಅವರನ್ನೇ ಹಿಂದೆ ಕರೆಸಿಕೊಂಡರು. ಕಟ್ಟಡ ಬೇಕಿತ್ತು ನಿಜ. ಆದರೆ ಅಂದಾಜು ಪಟ್ಟಿ, ಹಣದ ಮಂಜೂರಾತಿ, ಕೆಲಸದ ಅಳತೆ, ಪಾವತಿ, ಇವು ಒಂದರ ಹಿಂದೆ ಒಂದು ಬರಬೇಕು. ಮಂಜೂರಾತಿ ಹಡಗಿನಲ್ಲಿ ತಿಂಗಳುಗಟ್ಟಲೆ ಬರುವ ಊರಿನಲ್ಲಿ ಈ ಕ್ರಮ ಉಳಿಸಿಕೊಳ್ಳುವುದು ಬಲು ಕಷ್ಟ.

ರಸ್ತೆಯ ಜಾಗವನ್ನಂತೂ ಹಂಚಿಕೆಗೆ ಮೊದಲೇ ಬಿಡಬೇಕು. ಒಂದು ಸರಪಳಿ ಅಗಲದ ರಸ್ತೆ ಮೈಲಿಗೆ 8 ಎಕರೆ ನುಂಗುತ್ತದೆ; ಮಾರಿದ ಮೇಲೆ ಅದನ್ನು ಕೊಂಡುಕೊಳ್ಳಲು ಯಾವ ಖಜಾನೆಗೂ ಆಗದು. ಅಡಿಲೇಡಿನಲ್ಲಿ ಇದನ್ನು ಮೊದಲೇ ಮಾಡಿದ್ದರು. ನಡುವಿನ ಕಿಂಗ್ ವಿಲಿಯಂ ಬೀದಿಗೆ 132 ಅಡಿ, ಎಂದರೆ ಸರಿಯಾಗಿ ಎರಡು ಸರಪಳಿ. ಊರ ಸುತ್ತಲೂ ಮಾರದ ಹಸಿರು ಬಯಲು.

ಗೂಟ

ಗಟ್ಟಿ ಮರದ ಗೂಟವನ್ನು ಚೌಕ ಕೆತ್ತಿ, ನಂಬರು ಕೊರೆದು, ಆ ಮುಖ ಅದೇ ನಿವೇಶನದ ಕಡೆಗಿರುವಂತೆ ಹೊಡೆಯಬೇಕು. ಗೆದ್ದಲು ತಿನ್ನುತ್ತದೆ, ಕಾಡುಬೆಂಕಿ ಸುಡುತ್ತದೆ, ಸೌದೆಗೆಂದು ಯಾರಾದರೂ ಕಿತ್ತೊಯ್ಯುತ್ತಾರೆ. ಆದ್ದರಿಂದ ಗುಂಡಿಯ ತಳಕ್ಕೆ ಒಂದು ಬೊಗಸೆ ಇದ್ದಿಲು ಹಾಕಿ, ಮೇಲೆ ಗೂಟ ನಿಲ್ಲಿಸಿ, ಮೂಲೆಯಿಂದ ಎರಡೂ ಗಡಿಗೆರೆಗಳ ದಿಕ್ಕಿಗೆ ಒಂದೊಂದು ಗಜ ಉದ್ದದ ಕಾಲುವೆ ತೋಡಿಬಿಡಿ. ಗೂಟ ಹೋದರೂ ಕಾಲುವೆಯ ಗುರುತು ಮೂಲೆ ತೋರಿಸುತ್ತದೆ, ಅದೂ ಮುಚ್ಚಿಹೋದರೆ ಅಗೆದವನಿಗೆ ಇದ್ದಿಲು ಸಿಗುತ್ತದೆ.