ಮುದಿ ಬೆಕ್ಕು ತಾಟು ಮೂಸಿ ವಾಪಸ್ ಹೋದರೆ...

ನಮ್ಮ ಗುಂಡವ್ವನಿಗೆ 13 ವರ್ಷ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಹಿನ್ನೀರಿನ ಮೀನು ಮಾರುವವರ ಕೂಗು ಕೇಳಿದರೆ ಸಾಕು, ನಮಗಿಂತ ಮೊದಲು ಅವಳು ಬಾಗಿಲಲ್ಲಿ ಇರುತ್ತಾಳೆ. ಅಂಥವಳು ಹೋದ ಬೇಸಿಗೆಯಲ್ಲಿ ಒಂದು ದಿನ ಮೀನಿನ ತಾಟು ಮೂಸಿದಳು, ತುಟಿ ನೆಕ್ಕಿಕೊಂಡಳು, ತಿರುಗಿ ಹೋಗಿ ಕೌದಿಯ ಮೇಲೆ ಮಲಗಿದಳು. "ಬಿಸಿಲಿಗೆ ಹಂಗ ಮಾಡತೈತಿ, ಬಿಡು" ಎಂದರು ಅತ್ತೆ. ನಾನೂ ಬಿಟ್ಟುಬಿಟ್ಟೆ. ಎರಡು ದಿನದ ಮೇಲೆ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು, "ಕೊನೆಗೆ ಯಾವಾಗ ತಿಂದಿತ್ತು?" ನನಗೆ ನೆನಪಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಗಡಿಯಾರ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಬೆಕ್ಕಿಗೆ ಉಪವಾಸ ಆಗಿಬರುವುದಿಲ್ಲ. ಊಟ ನಿಂತರೆ ಮೈಯಲ್ಲಿರುವ ಕೊಬ್ಬೆಲ್ಲ ಲಿವರ್‌ಗೆ ಹೋಗಿ ತುಂಬಿಕೊಳ್ಳುತ್ತದೆ. ಅದನ್ನು ಅರಗಿಸಲಾಗದೆ ಲಿವರ್ ಕೈಕೊಡುತ್ತದೆ. ಇದಕ್ಕೆ ಎರಡು-ಮೂರು ದಿನದ ಉಪವಾಸವೂ ಸಾಕಾಗಬಹುದು. ದಪ್ಪ ಬೆಕ್ಕುಗಳಿಗೆ ಅಪಾಯ ಇನ್ನೂ ಜಾಸ್ತಿ. ವಯಸ್ಸಾದ ಬೆಕ್ಕು 24 ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಲೇಬೇಕು.

ಒಲ್ಲೆ ಅನ್ನುತ್ತಿದೆಯೋ, ಆಗುತ್ತಿಲ್ಲವೋ?

ಬೆಕ್ಕಿಗೆ ಸಿಟ್ಟು ಬಂದಿದೆ, ಹಟ ಮಾಡುತ್ತಿದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮುದಿ ಬೆಕ್ಕಿನ ವಿಷಯದಲ್ಲಿ ಸಾಮಾನ್ಯವಾಗಿ ಅದು ಹಟ ಅಲ್ಲ. ತಾಟಿನ ಮುಂದೆ ಕೂತು ಹತ್ತು ನಿಮಿಷ ಸುಮ್ನೆ ಗಮನಿಸಿ.

ಆಸೆಯಿಂದ ಓಡಿ ಬರುತ್ತದೆ, ಬಾಯಿಗೆ ಹಾಕಿಕೊಂಡದ್ದನ್ನು ಕೆಳಗೆ ಬೀಳಿಸುತ್ತದೆ, ತಲೆ ವಾರೆ ಮಾಡಿ ಒಂದೇ ಕಡೆ ಅಗಿಯುತ್ತದೆ, ಜೊಲ್ಲು ಸುರಿಸುತ್ತದೆ ಎಂದರೆ ಹಲ್ಲು ಅಥವಾ ವಸಡಿನ ನೋವು ಇರಬಹುದು. ಮೂಸಿ, ತುಟಿ ನೆಕ್ಕಿ, ಮುಖ ತಿರುಗಿಸಿದರೆ ಹೊಟ್ಟೆ ತೊಳಸುತ್ತಿದೆ ಎಂದರ್ಥ. ಗುಂಡವ್ವ ತುಟಿ ನೆಕ್ಕಿಕೊಂಡಾಗ ರುಚಿಗೆ ಇರಬೇಕು ಎಂದುಕೊಂಡಿದ್ದೆ ನಾನು! ಕೆಲವು ತಿಂಗಳಿಂದ ನೀರು ಜಾಸ್ತಿ ಕುಡಿಯುತ್ತಿದ್ದಳು, ಉಚ್ಚೆಯೂ ಜಾಸ್ತಿ, ತೂಕ ಇಳಿದಿತ್ತು. ಬೇಸಿಗೆ ಅಲ್ವಾ ಎಂದು ಅದನ್ನೂ ಬಿಟ್ಟಿದ್ದೆ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ತೊಂದರೆ ಎಂದು ಗೊತ್ತಾಯಿತು. ಮುದಿ ಬೆಕ್ಕುಗಳಲ್ಲಿ ಇದು ತುಂಬ ಸಾಮಾನ್ಯ. ಮಲಬದ್ಧತೆ ಆದರೂ ಊಟ ಬಿಡುತ್ತವೆ, ನೆಗಡಿಯಾಗಿ ಮೂಗು ಕಟ್ಟಿದರೂ ಬಿಡುತ್ತವೆ. ವಾಸನೆ ಬರದಿದ್ದರೆ ಬೆಕ್ಕಿನ ಪಾಲಿಗೆ ಅದು ಊಟವೇ ಅಲ್ಲ.

ತುಟಿ ಎತ್ತಿ ವಸಡನ್ನೂ ನೋಡಿ. ಗುಲಾಬಿ ಬಣ್ಣ, ಒದ್ದೆ ಇದ್ದರೆ ಸರಿ. ಬೆರಳಿಗೆ ಅಂಟಂಟು ಹತ್ತಿದರೆ ಮೈಯಲ್ಲಿ ನೀರು ಕಡಿಮೆ. ಕುತ್ತಿಗೆ ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ಮುದಿ ಬೆಕ್ಕಿಗೆ ಅಷ್ಟು ನಂಬಿಕೆಯದಲ್ಲ, ಅದರ ಚರ್ಮ ಮೊದಲೇ ಸಡಿಲ. ವಸಡು ಹಳದಿ ಅಥವಾ ಬಿಳಿಚಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಗಂಡು ಬೆಕ್ಕು ಉಚ್ಚೆಗೆ ತಿಣುಕಿದರೂ ಹನಿ ಬರದಿದ್ದರೆ 24 ಗಂಟೆಯ ಲೆಕ್ಕ ಬಿಡಿ, ಆಗಲೇ ಹೊರಡಿ.

ನಮ್ಮ ಕಡೆ ದನದ ದವಾಖಾನಿ ಎಂದರೆ ಎಮ್ಮೆ, ಆಕಳಿಗೆ ಮಾತ್ರ ಎಂಬ ಭಾವನೆ ಇದೆ. ಬೆಕ್ಕನ್ನೂ ಒಯ್ಯಬಹುದು. ರಕ್ತ ಪರೀಕ್ಷೆ ಅಲ್ಲೇ ಆಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಾಳಿಯಾಡುವ ಮುಚ್ಚಳದ ಬುಟ್ಟಿಗೆ ಅದರದೇ ವಾಸನೆಯ ಬಟ್ಟೆ ಹಾಕಿ. ಎಪ್ರಿಲ್-ಮೇ ತಿಂಗಳಲ್ಲಿ ತುರ್ತು ಇಲ್ಲದಿದ್ದರೆ ಮಟಮಟ ಮಧ್ಯಾಹ್ನ ಆಟೊ ಹತ್ತಬೇಡಿ.

ತಾಟಿಗೆ ಏನು ಹಾಕಬೇಕು?

ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಇಡಬೇಡಿ. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ. 38 ಡಿಗ್ರಿ, ಅಂದರೆ ಬೆಕ್ಕಿನ ಮೈಬಿಸಿಯಷ್ಟಿದ್ದರೆ ಸಾಕು. ಮಗುವಿನ ಹಾಲು ನೋಡಿದ ಹಾಗೆ ಮಣಿಕಟ್ಟಿನ ಮೇಲೆ ಹಾಕಿ ನೋಡಿ. ಬೆಚ್ಚಗಾದರೆ ವಾಸನೆ ಏಳುತ್ತದೆ. ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು, ಬೇಯಿಸಿದ ತತ್ತಿ, ಪೊಟ್ಟಣದ ಮೆತ್ತನೆ ಆಹಾರ, ಯಾವುದಾದರೂ ಸರಿ. ಒಂದೆರಡು ಚಮಚ ಮಾತ್ರ, ಅಗಲವಾದ ತಾಟಿನಲ್ಲಿ, ಉಚ್ಚೆಯ ಟ್ರೇಯಿಂದ ದೂರ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿಬಿಡಿ. ಎದುರಿಗೇ ಬಿದ್ದಿದ್ದರೆ ಹೊಟ್ಟೆ ಇನ್ನಷ್ಟು ತೊಳಸುತ್ತದೆ.

ನಮ್ಮ ಅಡುಗೆಮನೆಯ ಸಾರು ಮಾತ್ರ ಬೇಡ. ಉಳ್ಳಾಗಡ್ಡಿ, ಬೆಳ್ಳೊಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತುಂಡು ತೆಗೆದು ಬರೀ ರಸ ಹಾಕಿದರೂ ಅಪಾಯವೇ. ಒಣಮೀನಿನಲ್ಲಿ ಉಪ್ಪು ಜಾಸ್ತಿ. ಹಾಲು-ರೊಟ್ಟಿ ನಮ್ಮ ಹಳೆಯ ಉಪಚಾರ. ಆದರೆ ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕಿಗೆ ಹಾಲು ಅರಗದೆ ಭೇದಿಯಾಗುತ್ತದೆ. ರೊಟ್ಟಿಯಿಂದ ಅದಕ್ಕೆ ಬೇಕಾದ ಮಾಂಸದ ಸತ್ವ ಸಿಗುವುದಿಲ್ಲ.

ಕಿಡ್ನಿ ತೊಂದರೆಗೆ ಬೇರೆ ಆಹಾರ ಇದೆ, ಒಳ್ಳೆಯದೇ. ಆದರೆ ಹೊಟ್ಟೆ ತೊಳಸುವಾಗಲೇ ಅದನ್ನು ಇಟ್ಟರೆ ಬೆಕ್ಕು ಮುಂದೆಂದೂ ಅದನ್ನು ಮೂಸದೇ ಹೋಗಬಹುದು. ಮೊದಲು ಏನಾದರೂ ತಿನ್ನಲಿ, ಸುಧಾರಿಸಿದ ಮೇಲೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಬದಲಿಸಿ.

ಸಿರಿಂಜ್ ಹಿಡಿಯುವ ಮೊದಲು

ಇದರಲ್ಲಿ ನಾನು ಸರಿಯಾಗಿ ಎಡವಿದ್ದೆ. ಗುಂಡವ್ವನ ತಲೆ ಮೇಲೆತ್ತಿ, ಬಾಯಿಗೆ ಗಂಜಿ ಒತ್ತಿದೆ. ಕೆಮ್ಮಿ, ಪರಚಿ, ಕಪಾಟಿನ ಹಿಂದೆ ಸೇರಿದವಳು ರಾತ್ರಿತನಕ ಹೊರಗೆ ಬರಲಿಲ್ಲ. ಹಾಗೆ ಒತ್ತಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ಡಾಕ್ಟರ್ ಹೇಳಿದರೆ ಮಾತ್ರ ಕೊಡಿ. ಸೂಜಿ ತೆಗೆದ ಸಿರಿಂಜ್ ಇರಲಿ. ಬೆಕ್ಕು ಹೊಟ್ಟೆ ಕೆಳಗೆ ಮಾಡಿ ಸಹಜವಾಗಿ ಕೂತಿರಲಿ, ತಲೆ ಮೇಲೆತ್ತಬೇಡಿ. ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ಒಂದು ಸಲಕ್ಕೆ ಅರ್ಧ ಮಿ.ಲೀ. ಬಿಡಿ. ನುಂಗಿದ್ದು ನೋಡಿದ ಮೇಲೆಯೇ ಮುಂದಿನದು. ತಲೆ ಕೊಡವಿದರೆ ಅಲ್ಲಿಗೇ ನಿಲ್ಲಿಸಿ. ವಾಂತಿಯಾಗುತ್ತಿದ್ದರೆ, ಮಂಪರಿದ್ದರೆ ಕೊಡಲೇಬೇಡಿ. 4 ಕಿಲೊ ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 200 ಕ್ಯಾಲರಿ ಬೇಕು. ಆದರೆ ದಿನಗಟ್ಟಲೆ ಉಪವಾಸ ಇದ್ದುದಕ್ಕೆ ಮೊದಲ ದಿನ ಅದರ ಕಾಲು ಭಾಗದಿಂದ ಶುರು ಮಾಡಬೇಕು. ಒಮ್ಮೆಲೇ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗುತ್ತವೆ. ದಿನವೂ ಗುದ್ದಾಟ ಆಗುತ್ತಿದ್ದರೆ ಊಟದ ನಳಿಕೆ ಹಾಕಲು ಆಗುತ್ತದೆಯೇ ಎಂದು ಕೇಳಿ. ಕೇಳಲು ಭಯ ಅನಿಸುತ್ತದೆ, ಬೆಕ್ಕಿಗೆ ಮಾತ್ರ ಸಿರಿಂಜ್‌ಗಿಂತ ಅದೇ ಹಗುರ.

ತೂಕ ವಾರಕ್ಕೊಮ್ಮೆ ನೋಡಿ. ನಮ್ಮ ಓಣಿಯ ಕಿರಾಣಿ ಅಂಗಡಿಯವರು ಗುಂಡವ್ವನನ್ನು ಬುಟ್ಟಿ ಸಮೇತ ತಕ್ಕಡಿಗಿಟ್ಟು, "ಕಿಲೋಕ್ಕ ಹ್ಯಾಂಗ ಅಕ್ಕಾರ?" ಎಂದು ನಗುತ್ತಾರೆ. 4 ಕಿಲೊ ಇದ್ದದ್ದು 3.6ಕ್ಕೆ ಇಳಿದರೆ ನಗುವ ಮಾತಲ್ಲ, ಹತ್ತರಲ್ಲಿ ಒಂದು ಪಾಲು ಹೋಯಿತು.

ಔಷಧದ ವಿಷಯ. ನಮ್ಮ ಜ್ವರದ ಗುಳಿಗೆ ಪ್ಯಾರಾಸಿಟಮಾಲ್ ಒಂದೇ ಒಂದು ಸಾಕು, ಬೆಕ್ಕು ಸಾಯಬಹುದು. ನೋವಿಗೆ ನಾವು ನುಂಗುವ ಐಬುಪ್ರೊಫೆನ್ ಕೂಡ ವಿಷವೇ. ವಾಂತಿ ನಿಲ್ಲಲು, ಹಸಿವಾಗಲು ಬೆಕ್ಕಿಗೆ ಕೊಡುವ ಔಷಧಗಳಿವೆ. ಅವುಗಳ ಅಳತೆಯನ್ನು ಡಾಕ್ಟರೇ ಹೇಳಬೇಕು. ಗುಳಿಗೆಯನ್ನು ಅದರ ಮೆಚ್ಚಿನ ಮೀನಿನಲ್ಲಿ ಬಚ್ಚಿಡಬೇಡಿ. ಕಹಿ ತಗುಲಿದರೆ ಮೀನೂ ಹೋಯಿತು. ಬೇರೆಯಾಗಿ ನುಂಗಿಸಿ, ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಹಿಂದೆಯೇ ಚೂರುಚೂರೇ ಐದಾರು ಮಿ.ಲೀ. ನೀರು ಕುಡಿಸಿ. ಗುಂಡವ್ವನಿಗೆ ನಾನು ಗುಳಿಗೆಯನ್ನು ಪಡಸಾಲೆಯಲ್ಲಿ ಕೊಡುತ್ತೇನೆ, ಊಟ ಅಡುಗೆಮನೆಯಲ್ಲಿ. ಪಡಸಾಲೆಗೆ ಕರೆದರೆ ಈಗ ಬರುವುದಿಲ್ಲ, ಎತ್ತಿಕೊಂಡೇ ಹೋಗಬೇಕು.