ಸಹಿ ಸರಿ ಇದೆ, ಆದರೆ ಯಾರದು?

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಅನ್ನು ನಾನೇ ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಳ್ಳುತ್ತೇನೆ. ಮೊದಲೆಲ್ಲ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಳಸಿ ಕೋಡ್ ಇಳಿಸಿಕೊಳ್ಳಲು ಗಿಟ್ ಪುಲ್, ಆಮೇಲೆ ಬಿಲ್ಡ್ ಮಾಡಲು ಮೇಕ್, ಅಷ್ಟೇ. ಕಮಿಟ್ (ಗಿಟ್ ದಾಖಲಿಸಿದ ಒಂದು ಬದಲಾವಣೆ) ಮೇಲೆ ಪರಿಚಿತ ಹೆಸರು ಕಂಡರೆ ನಂಬಿಬಿಡುತ್ತಿದ್ದೆ.

2021ರ ಮಾರ್ಚ್‌ನಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಇಟ್ಟಿರುವ ಗಿಟ್ ರೆಪೊಸಿಟರಿಯೊಳಗೆ ಎರಡು ಕೆಟ್ಟ ಕಮಿಟ್‌ಗಳು ಸೇರಿಕೊಂಡವು. ಒಂದರ ಮೇಲೆ ಆ ಭಾಷೆಯ ಸೃಷ್ಟಿಕರ್ತ ರಾಸ್ಮಸ್ ಲೆರ್ಡಾರ್ಫ್ ಹೆಸರು, ಇನ್ನೊಂದರ ಮೇಲೆ ಅದರ ಡೆವಲಪರ್ ನಿಕಿತಾ ಪೊಪೊವ್ ಹೆಸರು. ಅವನ್ನು ಅವರಿಬ್ಬರೂ ಬರೆದಿರಲಿಲ್ಲ. ಗಿಟ್‌ನಲ್ಲಿ ಯಾರು ಯಾರ ಹೆಸರನ್ನಾದರೂ ಹಾಕಿಕೊಳ್ಳಬಹುದು, ತಡೆಯುವವರಿಲ್ಲ. ಆವತ್ತಿನಿಂದ ಡಿಜಿಟಲ್ ಸಹಿ (ಒಬ್ಬರ ಖಾಸಗಿ ಕೀಯಿಂದ ಮಾತ್ರ ಹಾಕಬಹುದಾದದ್ದು) ನೋಡದೆ ನಾನು ಮೇಕ್ ಓಡಿಸಿಲ್ಲ.

ಕರ್ನಲ್‌ನಲ್ಲಿ ಹೆಚ್ಚಿನ ಕಮಿಟ್‌ಗಳಿಗೆ ಸಹಿ ಇರುವುದಿಲ್ಲ. ಸಹಿ ಇರುವುದು ಬಿಡುಗಡೆಯ ಟ್ಯಾಗ್‌ಗೆ, ಅಂದರೆ ಆ ಆವೃತ್ತಿಯನ್ನು ಹೆಸರಿಸುವ ಗುರುತಿಗೆ. ಅಷ್ಟು ಸಾಕು. ಟ್ಯಾಗ್‌ನೊಳಗೆ ಕಮಿಟ್‌ನ ಹ್ಯಾಶ್ (ಒಳಗಿನದು ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ) ಇದೆ, ಆ ಕಮಿಟ್‌ನೊಳಗೆ ಅದರ ಹಿಂದಿನದರ ಹ್ಯಾಶ್ ಇದೆ. ಹೀಗೆ ಒಂದೇ ಸಹಿ ಹಿಂದಿನದ್ದೆಲ್ಲವನ್ನೂ ಹಿಡಿದಿಡುತ್ತದೆ.

ಟ್ಯಾಗಿನ ಸಹಿ ಪರೀಕ್ಷಿಸುವ ಗಿಟ್ ವೆರಿಫೈ-ಟ್ಯಾಗ್ ಓಡಿಸಿದೆ. 'ಗುಡ್ ಸಿಗ್ನೇಚರ್' ಅಂತ ಬಂತು, ಸಮಾಧಾನವೂ ಆಯಿತು. ಆದರೆ ಸಹಿ ಪರೀಕ್ಷಿಸಲು ಬೇಕಾದ ಸಾರ್ವಜನಿಕ ಕೀಗಳನ್ನಿಡುವ ನನ್ನ ಕೀರಿಂಗ್‌ನಲ್ಲಿ ಆಫೀಸಿನವರದು, ಗೆಳೆಯರದು ಅಂತ ಹತ್ತಾರು ಕೀಗಳಿದ್ದವು. ಅವರಲ್ಲಿ ಯಾರ ಸಹಿ ಇದ್ದರೂ ಅದೇ ಉತ್ತರ ಬರುತ್ತಿತ್ತು, ಅಲ್ವಾ? ನನಗೆ ಬೇಕಿದ್ದದ್ದು ಕರ್ನಲ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಸಹಿ, ಸ್ಟೇಬಲ್ (ದೋಷ ತಿದ್ದಿದ) ಬಿಡುಗಡೆಯಾದರೆ ಅವನ್ನು ನೋಡಿಕೊಳ್ಳುವ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಸಹಿ. ಹಾಗಾಗಿ ಕರ್ನಲ್‌ಗೆಂದೇ ಬೇರೆ ಕೀರಿಂಗ್ ಮಾಡಿ, ಅದರಲ್ಲಿ ಆ ಎರಡೇ ಕೀ ಇಟ್ಟೆ. ಸೇರಿಸುವ ಮುಂಚೆ ಕೀಯ ಗುರುತಾದ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು ಎರಡು ಬೇರೆ ಬೇರೆ ಕಡೆಯಿಂದ ತಂದು, ಒಂದೊಂದೇ ಅಕ್ಷರ ಹೋಲಿಸಿದೆ. ಕೊನೆಯ ಎಂಟು ಅಕ್ಷರ ನೋಡಿ ಬಿಡಬೇಡಿ, ಅಷ್ಟು ಮಾತ್ರ ಹೊಂದುವ ನಕಲಿ ಕೀ ಮಾಡುವುದು ಸುಲಭ.

ಇನ್ನೊಂದು ವಿಷಯ. ಹಳೆಯ ಟ್ಯಾಗನ್ನೇ ಹೊಸ ಹೆಸರಿನಲ್ಲಿ ಯಾರಾದರೂ ಕೊಟ್ಟರೆ ಸಹಿ ಆಗಲೂ ಸರಿಯೇ ಇರುತ್ತದೆ. ಅದಕ್ಕೆ ಸಹಿಯಾದ ಪಠ್ಯದೊಳಗಿನ ಟ್ಯಾಗ್ ಹೆಸರನ್ನೂ, ತಪಾಸಣೆ ಮಾಡಿ ಆಮೇಲೆ ಮೇಕ್ ಓಡಿಸುವ ನನ್ನ ಸ್ಕ್ರಿಪ್ಟ್ ನೋಡುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡು ಪರೀಕ್ಷೆಗೆ ಆ ಎರಡೂ ಕೀ ತೆಗೆದು ಸ್ಕ್ರಿಪ್ಟ್ ಓಡಿಸಿದೆ. ಕೀ ಇಲ್ಲದೆ ತಪಾಸಣೆ ಸೋತು ಅದು ನಿಲ್ಲಬೇಕಿತ್ತು, ಆದರೆ ಬಿಲ್ಡ್ ಶುರುವಾಗೇಬಿಟ್ಟಿತು! ಲಾಗ್ ಉಳಿಸಲು ಗಿಟ್‌ನ ಉತ್ತರವನ್ನು ಪೈಪ್ ಮಾಡಿ, ಅದನ್ನು ಫೈಲಿಗೂ ಬರೆಯುವ 'ಟೀ' ಎಂಬ ಪ್ರೋಗ್ರಾಮಿಗೆ ಕಳಿಸಿದ್ದೆ. ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ನೋಡಿದ್ದು ಟೀಯ ಎಕ್ಸಿಟ್ ಕೋಡ್ (ಕೆಲಸ ಗೆದ್ದಿತೋ ಸೋತಿತೋ ಹೇಳುವ ಸಂಖ್ಯೆ), ಗಿಟ್‌ನದಲ್ಲ. ತಿಂಗಳುಗಟ್ಟಲೆ ಆ ತಪಾಸಣೆ ಸುಮ್ನೆ ಓಡುತ್ತಿತ್ತು. ಪೈಪ್‌ನಲ್ಲಿ ಯಾವುದು ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಆನ್ ಮಾಡಿದೆ. ಈಗ ಪ್ರತಿ ಸಲ ಸ್ಕ್ರಿಪ್ಟ್ ತಿದ್ದಿದಾಗಲೂ ಕೀ ತೆಗೆದು ಒಮ್ಮೆ ಓಡಿಸುತ್ತೇನೆ. ಅದು ಮೇಕ್‌ಗಿಂತ ಮೊದಲೇ ನಿಂತರೆ ಮಾತ್ರ ಕೀ ವಾಪಸ್ ಇಡುತ್ತೇನೆ.